ಮುಖಕ್ಕೆ ಹಸುರು ಬಳಿಯುವ ಮೊದಲು

ಫ್ರಾನ್ಸಿನ ಚಿತ್ರಕಾರ ಮಾತಿಸ್ 1905ರಲ್ಲಿ ಬರೆದ ತನ್ನ ಹೆಂಡತಿಯ ಚಿತ್ರದಲ್ಲಿ ಹಣೆಯಿಂದ ಗಲ್ಲದವರೆಗೆ ಒಂದು ಹಸುರು ಪಟ್ಟಿ ಇಳಿದಿದೆ. ಒಂದು ಕೆನ್ನೆ ಹಳದಿ, ಇನ್ನೊಂದು ನಸುಗೆಂಪು. ಬೆಳಕೂ ನೆರಳೂ ಸಂಧಿಸುವಲ್ಲಿ ಆ ಹಸುರು. ಯಾವ ಬಣ್ಣವನ್ನಾದರೂ ಹಾಕಿ, ಟೋನ್ ಮಾತ್ರ, ಅಂದರೆ ಅದು ಎಷ್ಟು ತಿಳಿ, ಎಷ್ಟು ಗಾಢ ಎಂಬುದು, ತಪ್ಪಬಾರದು ಎಂದು ನಾನು ಕಲಿತದ್ದು ಅದನ್ನು ನೋಡಿಯೇ.

ಕಾಸರಗೋಡಿನ ಕುಂಬಳೆಯ ಕಡೆ ಜಗಲಿಯಲ್ಲಿ ಕೂತವರ ಮುಖದಲ್ಲಿ ಈ ಬಣ್ಣಗಳು ನಿಜಕ್ಕೂ ಇವೆ. ಕೆಂಪು ಮುರಕಲ್ಲಿನ ಅಂಗಳದಿಂದ ಗಲ್ಲದ ಅಡಿಗೆ ಕಿತ್ತಳೆ ಏರುತ್ತದೆ, ಅಡಿಕೆ ತೋಟದ ಬದಿಯ ದವಡೆಗೆ ಹಸುರು ತಾಗುತ್ತದೆ, ಕಪ್ಪು ಹಣೆಯ ಹೊಳಪಿನಲ್ಲಿ ಆಕಾಶದ ನೀಲಿ. ಅದನ್ನೇ ನಾನು ಎರಡು ಪಟ್ಟು ಜೋರು ಮಾಡುತ್ತೇನೆ.

16×20 ಇಂಚಿನ ಕ್ಯಾನ್ವಾಸಿಗೆ ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿದ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ತೈಲವರ್ಣ ಒರೆಸಿ ಒಣಗಲು ಬಿಡುತ್ತೇನೆ. ಮೇಲೆ ಇದ್ದಿಲಿನಲ್ಲಿ ಮೂರೇ ಟೋನ್: ಬೆಳಕು, ನಡು, ನೆರಳು. ಕಪ್ಪು ಟ್ಯೂಬ್ ಹತ್ತಿರವೂ ಇಟ್ಟುಕೊಳ್ಳುವುದಿಲ್ಲ. ನೆರಳಿಗೆ ಅಲ್ಟ್ರಾಮರೀನ್ ನೀಲಿ 2 ಪಾಲು, ಅಲಿಝರಿನ್ ಕ್ರಿಮ್ಸನ್ ಎಂಬ ಗಾಢ ಕೆಂಪು 1 ಪಾಲು. ಬೆಳಕಿಗೆ ಬಿಳಿಯನ್ನೇ ಸುರಿದರೆ ಕಂದು ಚರ್ಮ ಸುಣ್ಣ ಹಚ್ಚಿದಂತಾಗುತ್ತದೆ; ಮೊದಲು ಹಳದಿಯಿಂದ ತಿಳಿಗೊಳಿಸಿ, ಕೊನೆಗೆ ಚೂರು ಬಿಳಿ.

ಹಸುರಿನಲ್ಲಿ ಎಚ್ಚರ ಬೇಕು. ಟ್ಯೂಬಿನ ಮೇಲೆ ವರ್ಣದ್ರವ್ಯದ ಸಂಕೇತ ಪಿಜಿ (ಪಿಗ್ಮೆಂಟ್ ಗ್ರೀನ್) 18 ಎಂದಿದ್ದರೆ ಅದು ನಿಜವಾದ ವಿರಿಡಿಯನ್ ಹಸುರು, ಮೆತ್ತಗಿನದು. ‘ವಿರಿಡಿಯನ್ ಹ್ಯೂ’ ಎಂಬುದು ಹೆಚ್ಚಾಗಿ ಪಿಜಿ 7, ಅಂದರೆ ಥಾಲೋ ಎಂಬ ಬೇರೆಯೇ ಹಸುರು. ಅದು ಸಾಸಿವೆಯಷ್ಟಿದ್ದರೂ ಇಡೀ ಮಿಶ್ರಣವನ್ನು ನುಂಗುತ್ತದೆ.

ಹಸಿ ಕೆಂಪಿನ ಮೇಲೆ ಹಸುರು ಎಳೆದರೆ ಎರಡೂ ಒಂದನ್ನೊಂದು ಕೊಂದು ಕೆಸರಾಗುತ್ತವೆ. ಅಲ್ಲಿ ಕುಂಚ ಆಡಿಸಿದಷ್ಟೂ ಕೆಡುತ್ತದೆ. ಚಾಕುವಿನಲ್ಲಿ ಕೆರೆದು ತೆಗೆಯುವುದೇ ದಾರಿ. ನಾನು ಎರಡು ಬಣ್ಣಗಳ ನಡುವೆ ಕೂದಲೆಳೆಯಷ್ಟು ಸಿಯೆನ್ನಾ ಕಾಣಲು ಬಿಡುತ್ತೇನೆ, ಪ್ರತಿ ಗೀರಿಗೂ ಕುಂಚ ಒರೆಸುತ್ತೇನೆ. ಅಲಿಝರಿನ್ ಒಣಗುವುದೇ ನಿಧಾನ, ಆಟಿ ತಿಂಗಳ ಮಳೆಯಲ್ಲಂತೂ ಕೇಳುವುದೇ ಬೇಡ. ಅದು ಒಣಗುವ ಮೊದಲು ಮೇಲೆ ಬೇಗ ಒಣಗುವ ತೆಳು ಪದರ ಹಾಕಿದರೆ ಮುಂದೆ ಬಿರುಕು ಬಿಡುತ್ತದೆ.

ಯಕ್ಷಗಾನದವರು ಬಣ್ಣ ಹಚ್ಚುವ ಚೌಕಿಯಲ್ಲಿ ಹತ್ತಿರದಿಂದ ನೋಡಿದರೆ ರಾಕ್ಷಸನ ಬಣ್ಣದ ವೇಷ ಬರೀ ಗೆರೆ, ಚಿಟ್ಟಿಯ ಚುಕ್ಕೆ. ರಂಗಸ್ಥಳದಲ್ಲಿ ಅದೇ ಮುಖ ಎದ್ದು ಬರುತ್ತದೆ. ಹಾಗಾಗಿ ನಾನೂ 10 ಅಡಿ ಹಿಂದೆ ನಿಂತು ನೋಡುತ್ತೇನೆ, ಫೋನಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆಯುತ್ತೇನೆ. ಅದರಲ್ಲಿ ಮೂಗು ಮಾಯವಾದರೆ ಟೋನ್ ತಪ್ಪಿದೆ ಎಂದರ್ಥ, ಆದರೆ ಹಸುರನ್ನು ಅಳಿಸಬೇಕಿಲ್ಲ. ಹಳದಿ ಸೇರಿಸಿ ತಿಳಿ ಮಾಡಿದರೆ, ಇಲ್ಲವೇ ನೀಲಿ ಸೇರಿಸಿ ಗಾಢ ಮಾಡಿದರೆ ಸಾಕು.

ಕಣ್ಣು ಕೊನೆಗೆ. ಅದರ ಬಿಳಿಗೆ ಬೂದು ಬೆರೆಸಲೇಬೇಕು. ಸುತ್ತಲೂ ಇಷ್ಟು ಬಣ್ಣವಿರುವಾಗ ಶುದ್ಧ ಬಿಳಿ ಇಟ್ಟರೆ ಗುಡ್ಡೆ ಹೊರಗೆ ಬಂದಂತೆ ಕಾಣುತ್ತದೆ.