ಹಳೆಯ ಮಸಲ್ ಕಾರಿಗೆ ಯಾವ ಬ್ರೇಕ್ ಹಾಕಿಸಬೇಕು?

ಮಸಲ್ ಕಾರು ಅಂದರೆ ದೊಡ್ಡ ಎಂಜಿನ್ ಹಾಕಿದ, ವೇಗಕ್ಕೇ ಹೆಸರಾದ ಅಮೆರಿಕದ ಕಾರು. 1966ರ ಶೆವರ್ಲೆ ಶೆವೆಲ್ ಎಸ್‌ಎಸ್ 396 ಕಾರನ್ನೇ ನೋಡಿ. ಬಾನೆಟ್ ಕೆಳಗೆ 6.5 ಲೀಟರಿನ ವಿ8 ಎಂಜಿನ್. ಎಲ್ಲಕ್ಕಿಂತ ಕಡಿಮೆ ಟ್ಯೂನಿಂಗ್‌ನಲ್ಲೇ 325 ಎಚ್‌ಪಿ. ತೂಕ ಒಂದೂವರೆ ಟನ್ನಿಗಿಂತ ಜಾಸ್ತಿ. ಅದನ್ನು ನಿಲ್ಲಿಸಲು ನಾಲ್ಕೂ ಚಕ್ರಕ್ಕೆ ಕೊಟ್ಟಿದ್ದು ಒಂಬತ್ತೂವರೆ ಇಂಚಿನ ಡ್ರಮ್ ಬ್ರೇಕ್ (ತಿರುಗುವ ಡ್ರಮ್‌ಗೆ ಒಳಗಿನಿಂದ ಶೂ ಒತ್ತುವ ಬಗೆ)! ಓಡಿಸುವುದರಲ್ಲಿ ಅಮೆರಿಕದ ಕಾರು ಉದ್ಯಮದ ಊರಾದ ಡೆಟ್ರಾಯಿಟ್‌ಗಿದ್ದ ಹುರುಪು ನಿಲ್ಲಿಸುವುದರಲ್ಲಿ ಇರಲಿಲ್ಲ. ಮುಂದಿನ ಚಕ್ರಕ್ಕೆ ಡಿಸ್ಕ್ (ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಪ್ಯಾಡ್ ಅದುಮುವ ಬ್ರೇಕ್) ಬೇಕೆಂದವರಿಗೆ ಸಿಕ್ಕಿದ್ದು 1967ರ ಮಾಡೆಲ್‌ನಲ್ಲಿ, ಅದೂ ಬೇರೆ ದುಡ್ಡು ಕೊಟ್ಟು.

ಇಂಥ ಕಾರನ್ನು ರಿಪೇರಿಗೆ ಎತ್ತಿಕೊಂಡವರು ಮೊದಲು ಮಾಡುವ ಕೆಲಸ, ದೊಡ್ಡ ಡಿಸ್ಕ್ ಕಿಟ್‌ನ ಬೆಲೆ ನೋಡುವುದು. ಅದು ಆಮೇಲಿನ ಮಾತು.

ಕಾರು ಎಲ್ಲಿ ಓಡುತ್ತದೆ?

ಬರೀ ಪ್ರದರ್ಶನಕ್ಕಾದರೆ ಡ್ರಮ್ಮೇ ಇರಲಿ. ಕಾರ್ಖಾನೆಯಿಂದ ಬಂದ ಹಾಗೇ ಇದ್ದರೆ ಬೆಲೆ. ಒಳ್ಳೆಯ ಲೈನಿಂಗ್ (ಶೂ ಮೇಲಿನ ಉಜ್ಜುವ ಪಟ್ಟಿ) ಹಾಕಿ ಸರಿಯಾಗಿ ಸೆಟ್ ಮಾಡಿದ ಡ್ರಮ್, ಒಂದು ಸಲ ಜೋರಾಗಿ ನಿಲ್ಲಿಸಲು ಸಾಕು. ತೊಂದರೆ ಬರುವುದು ಮತ್ತೆ ಮತ್ತೆ ಒತ್ತಿದಾಗ. ಡ್ರಮ್ ಕಾದು ಹಿಗ್ಗುತ್ತದೆ, ಶೂನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತಾ ಹೋಗುತ್ತದೆ. ಘಟ್ಟದ ರಸ್ತೆ ಇಳಿಯುವವರು, ಟ್ರಾಫಿಕ್‌ನಲ್ಲಿ ಓಡಿಸುವವರು ಮುಂದಕ್ಕೆ ಡಿಸ್ಕ್ ಹಾಕಿಸಲೇಬೇಕು ಎನ್ನುವುದು ನನ್ನ ಮಾತು. ಹಿಂದೆ ಡ್ರಮ್ ಇದ್ದರೆ ಪರವಾಗಿಲ್ಲ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತೆ ಅಲ್ವಾ?

ಹಳೆಯ ಡ್ರಮ್ ಬಿಚ್ಚುವಾಗ ಒಳಗಿನ ದೂಳನ್ನು ಏರ್ ಹೊಡೆದು ಹಾರಿಸಬೇಡಿ. ಆ ಕಾಲದ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಮಾಡಿ ಒರೆಸಿ.

ಮೊದಲ ಖರ್ಚು ಮಾಸ್ಟರ್ ಸಿಲಿಂಡರ್‌ಗೆ

ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಪೈಪ್‌ಗಳಿಗೆ ತಳ್ಳುವುದು ಮಾಸ್ಟರ್ ಸಿಲಿಂಡರ್. 1966ರ ಕಾರಿನಲ್ಲಿ ಇದಕ್ಕೆ ಒಂದೇ ಕೋಣೆ. ಎಲ್ಲೋ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. 1967ರಿಂದ ಮುಂದಿನ ಚಕ್ರಕ್ಕೊಂದು, ಹಿಂದಿನದಕ್ಕೊಂದು ಎಂದು ಎರಡು ಕೋಣೆಯದು ಬಂತು. ಡ್ರಮ್ ಇಟ್ಟುಕೊಂಡರೂ ಇದೊಂದನ್ನು ಬದಲಿಸಿ. ಜೊತೆಗೆ ಎಲ್ಲ ರಬ್ಬರ್ ಹೋಸ್ ಹೊಸದಾಗಲಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿ ದಾರಿ ಮುಚ್ಚಿರುತ್ತದೆ.

ಡ್ರಮ್‌ಗೆಂದು ಮಾಡಿದ ಮಾಸ್ಟರ್ ಸಿಲಿಂಡರನ್ನು ಡಿಸ್ಕ್‌ಗೆ ಜೋಡಿಸಬೇಡಿ. ಅದರೊಳಗಿನ ಪುಟ್ಟ ವಾಲ್ವ್ ಲೈನಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸಿಕೊಂಡಿರುತ್ತದೆ. ಡ್ರಮ್‌ಗೆ ಅದು ಬೇಕು. ಡಿಸ್ಕ್‌ಗಾದರೆ ಪ್ಯಾಡ್ ಸದಾ ಉಜ್ಜುತ್ತಾ ಕಾಯುತ್ತದೆ.

ಬೂಸ್ಟರ್ ಬೇಕೇ?

ಇಲ್ಲೇ ಹೆಚ್ಚು ಜನ ಎಡವುವುದು. ಪಾದದ ಬಲಕ್ಕೆ ಜೊತೆ ಕೊಡುವ ಬೂಸ್ಟರ್ ಕೆಲಸ ಮಾಡುವುದು ಎಂಜಿನ್ನಿನ ವ್ಯಾಕ್ಯೂಮ್‌ನಿಂದ, ಅಂದರೆ ಅದು ಗಾಳಿ ಎಳೆದುಕೊಳ್ಳುವ ಸೆಳೆತದಿಂದ. ಗೇಜ್ ಹಚ್ಚಿ ಐಡಲ್‌ನಲ್ಲಿ ನೋಡಿ. ಆಟೊಮ್ಯಾಟಿಕ್ ಆದರೆ ಬ್ರೇಕ್ ಒತ್ತಿ ಹಿಡಿದು, ಗೇರಿಗೆ ಹಾಕಿಯೇ ನೋಡಬೇಕು. ಪಾದರಸದ ಲೆಕ್ಕದಲ್ಲಿ 18 ಇಂಚಿನ ಆಸುಪಾಸು ಬಂದರೆ ಚಿಂತೆ ಇಲ್ಲ. ಗಡಗಡ ಸದ್ದಿಗಾಗಿ ದೊಡ್ಡ ಕ್ಯಾಮ್ (ಎಂಜಿನ್ನಿನ ವಾಲ್ವ್ ತೆರೆಯುವ ದಂಡ) ಹಾಕಿಸಿದ ಎಂಜಿನ್‌ನಲ್ಲಿ ಅಷ್ಟು ಬರುವುದಿಲ್ಲ. ಆಗ ಎಷ್ಟೇ ದುಬಾರಿ ಬೂಸ್ಟರ್ ತಂದರೂ ಪೆಡಲ್ ಕಲ್ಲಿನಂತೆ ಗಟ್ಟಿ. ಉಳಿದದ್ದು ಮೂರು ದಾರಿ: ಎಲೆಕ್ಟ್ರಿಕ್ ವ್ಯಾಕ್ಯೂಮ್ ಪಂಪ್, ಪವರ್ ಸ್ಟೀರಿಂಗ್ ಪಂಪ್‌ನಿಂದ ನಡೆಯುವ ಹೈಡ್ರೋಬೂಸ್ಟ್, ಇಲ್ಲವೇ ಬೂಸ್ಟರೇ ಇಲ್ಲದ ಮ್ಯಾನುಯಲ್ ಬ್ರೇಕ್.

ಮ್ಯಾನುಯಲ್ ಡಿಸ್ಕ್ ಅಂದರೆ ಹೆದರುವುದೇನೂ ಬೇಡ, ಲೆಕ್ಕ ಸರಿ ಇದ್ದರೆ ಆಯಿತು. ಡ್ಯಾಶ್ ಕೆಳಗೆ ಟಾರ್ಚ್ ಬಿಟ್ಟು ಪೆಡಲ್ ಕಂಬಿಯನ್ನು ನೋಡಿ. ಮಾಸ್ಟರ್ ಸಿಲಿಂಡರನ್ನು ತಳ್ಳುವ ಪುಶ್‌ರಾಡ್ ಸಿಕ್ಕಿಸಲು ಎರಡು ತೂತು ಇರುತ್ತವೆ. ಮೇಲಿನದು ಮ್ಯಾನುಯಲ್‌ಗೆ, ಪೆಡಲ್ ಅನುಪಾತ (ಪಾದದ ಬಲ ಎಷ್ಟು ಪಟ್ಟು ಆಗುತ್ತದೆ ಎಂಬುದು) ಸುಮಾರು 6ಕ್ಕೆ 1. ಕೆಳಗಿನದು ಬೂಸ್ಟರ್‌ಗೆ, ಸುಮಾರು 4ಕ್ಕೆ 1. ಮಾಸ್ಟರ್ ಸಿಲಿಂಡರ್ ಬೋರ್ (ಒಳಗಿನ ವ್ಯಾಸ) ಮ್ಯಾನುಯಲ್‌ಗೆ 1 ಇಂಚು, ಬೂಸ್ಟರ್‌ಗೆ 1.125 ಇಂಚು ಇರುವುದು ರೂಢಿ. ಬೋರ್ ಸಣ್ಣದಾದಷ್ಟೂ ಒತ್ತಡ ಜಾಸ್ತಿ, ಆದರೆ ಪೆಡಲ್ ಉದ್ದಕ್ಕೆ ಹೋಗುತ್ತದೆ. ಪುಶ್‌ರಾಡ್‌ಗೆ ಕೂದಲೆಳೆಯಷ್ಟು ಸಡಿಲ ಇರಲಿ. ಇಲ್ಲದಿದ್ದರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬ್ರೇಕ್ ತಾನಾಗೇ ಹಿಡಿದುಕೊಳ್ಳುತ್ತದೆ.

ಚಕ್ರ, ಬ್ರೇಕ್ ಆಯಿಲ್

ಹಳೆಯ 14 ಇಂಚಿನ ಚಕ್ರ ಉಳಿಸಿಕೊಳ್ಳಬೇಕೇ? 11 ಇಂಚಿನ ಡಿಸ್ಕ್‌ನ ಕ್ಯಾಲಿಪರ್ (ಪ್ಯಾಡ್ ಹಿಡಿದಿರುವ ಭಾಗ) ಒಳಗೆ ತಾಗಬಹುದು. ಕಿಟ್ ಮಾರುವವರಿಂದ ಅಳತೆಯ ನಕ್ಷೆ ತರಿಸಿ, ರಟ್ಟಿನಲ್ಲಿ ಕತ್ತರಿಸಿ ಚಕ್ರದೊಳಗಿಟ್ಟು ನೋಡಿ. ಕೆಲವು ಕಿಟ್‌ಗಳು ಚಕ್ರವನ್ನು ಹೊರಕ್ಕೆ ತಳ್ಳುತ್ತವೆ, ಟೈರು ಫೆಂಡರ್‌ಗೆ ಉಜ್ಜುತ್ತದೆ.

ಆಯಿಲ್ ಡಾಟ್ 3 ಅಥವಾ ಡಾಟ್ 4 ದರ್ಜೆಯದು ಸಾಕು. ಪೇಂಟ್ ಮೇಲೆ ಚೆಲ್ಲಿದರೆ ಮಾತ್ರ ಪೇಂಟ್ ಏಳುತ್ತದೆ. ಸಿಲಿಕೋನ್‌ನ ಡಾಟ್ 5ಗೆ ಆ ಕಾಟ ಇಲ್ಲ, ಆದರೆ ಅದನ್ನು ಬೇರೆಯದರ ಜೊತೆ ಬೆರೆಸುವಂತಿಲ್ಲ.

ಕೊನೆಗೆ ಹಿಂದಿನ ಚಕ್ರ

ಹಿಂದಿನ ಲೈನಿಗೆ ತಿರುಗಿಸುವ ಗುಬ್ಬಿ (ನಾಬ್) ಇರುವ, ಹಿಂದಕ್ಕೆ ಹೋಗುವ ಒತ್ತಡ ಇಳಿಸುವ ಪ್ರಪೋರ್ಷನಿಂಗ್ ವಾಲ್ವ್ ಹಾಕಿಸಿ. ಬ್ರೇಕ್ ಪೈಪ್‌ಗಳೊಳಗಿನ ಏರ್ ತೆಗೆದಾದ ಮೇಲೆ ಖಾಲಿ ಮೈದಾನಕ್ಕೆ ಹೋಗಿ, ಸ್ನೇಹಿತರೊಬ್ಬರನ್ನು ದೂರದಲ್ಲಿ ಬದಿಗೆ ನಿಲ್ಲಿಸಿ. ಕಡಿಮೆ ವೇಗದಲ್ಲಿ ಜೋರಾಗಿ ಬ್ರೇಕ್ ಒತ್ತಿ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ಗಿರಕಿ ಹೊಡೆಯುತ್ತದೆ, ಹಾಗಾಗಿ ಹಿಂದಿನ ಒತ್ತಡ ಇಳಿಸಿ. ಮುಂದಿನದು ಮೊದಲು, ಅದರ ಬೆನ್ನಿಗೇ ಹಿಂದಿನದು ಲಾಕ್ ಆಗುವ ತನಕ ಸ್ವಲ್ಪ ಸ್ವಲ್ಪವೇ ತಿರುಗಿಸಿ. ವೇಗ ಕೊಂಚ ಏರಿಸಿ ಇನ್ನೊಮ್ಮೆ ನೋಡಿ, ಗುಬ್ಬಿಯನ್ನು ಅಲ್ಲಿಗೇ ಬಿಗಿ ಮಾಡಿ.