ಹತ್ತು ಕಲಾವಿದರು, ಒಂದು ಬಾಡಿಗೆ ಕೋಣೆ: ಊರಲ್ಲೇ ಗ್ಯಾಲರಿ ಕಟ್ಟುವುದು ಹೇಗೆ?

ಪುಣೆ–ಮುಂಬಯಿ ರೈಲು ಹಾದಿಯಲ್ಲಿ ತಳೇಗಾಂವ್ ದಾಭಾಡೆ ಎಂಬ ಊರಿದೆ. ಕಾರ್ಖಾನೆ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತ ಕನ್ನಡದವರೂ ಇದ್ದೇವೆ. ನಮ್ಮ ಮನೆಗಳ ಮಂಚದಡಿ ಎಷ್ಟೋ ಚಿತ್ರಗಳು ಹಳೇ ಸೀರೆ ಸುತ್ತಿಕೊಂಡು ಮಲಗಿರುತ್ತವೆ. ರಜೆಯಲ್ಲಿ ಬರೆದ ಜಲವರ್ಣ, ಧಾರವಾಡದ ಅತ್ತೆ ಹಾಕಿದ ಕಸೂತಿ, ನಿವೃತ್ತ ಡ್ರಾಯಿಂಗ್ ಮೇಷ್ಟ್ರ ತೈಲಚಿತ್ರ. ಮುಂಬಯಿಯ ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ ಜಾಗ ಸಿಗಬೇಕೆಂದರೆ ವರ್ಷಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಇವು ಮಂಚದಡಿಯೇ ಇರಬೇಕಾ? ನಾವು ಕೆಲವರು, ಮರಾಠಿ ಗೆಳೆಯರೂ ಸೇರಿ, ಒಂದು ಕೋಣೆ ಹಿಡಿದೆವು. ಆ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಕೋಣೆಗಿಂತ ಮೊದಲು ಜನರನ್ನು ಹುಡುಕಿ. ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆ 1960ರ ಪ್ರಕಾರ ಗುಂಪನ್ನು ಸಹಕಾರ ಸಂಘವಾಗಿ ನೋಂದಾಯಿಸಲು ಕನಿಷ್ಠ ಹತ್ತು ಮಂದಿ ಬೇಕು, ಒಬ್ಬೊಬ್ಬರೂ ಬೇರೆ ಬೇರೆ ಕುಟುಂಬದವರಾಗಿರಬೇಕು. ಗಂಡ ಹೆಂಡತಿ ಇಬ್ಬರೂ ಚಿತ್ರ ಬರೆಯುತ್ತಿದ್ದರೂ ಈ ಲೆಕ್ಕಕ್ಕೆ ಒಬ್ಬರೇ. ಹತ್ತು ಮಂದಿ ಸಿಗದಿದ್ದರೆ 1860ರ ಸೊಸೈಟೀಸ್ ನೋಂದಣಿ ಕಾಯ್ದೆಯಲ್ಲಿ ಏಳು ಮಂದಿ ಸಾಕು. ಆದರೆ ಅಲ್ಲಿ ಲಾಭವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಮಾರಾಟದ ಯೋಚನೆ ಇದ್ದರೆ ಸಹಕಾರ ಸಂಘವೇ ಸರಿ ಅನ್ನುವುದು ನನ್ನ ಅಭಿಪ್ರಾಯ. ನಮಗೆ ಇದು ಹೊಸ ದಾರಿಯೂ ಅಲ್ಲ. 1905ರಲ್ಲೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಆಗ ಗದಗ, ಪುಣೆ ಎರಡೂ ಮುಂಬಯಿ ಪ್ರಾಂತ್ಯದಲ್ಲಿದ್ದವು.

ಇನ್ನು ದುಡ್ಡು. ಚಿತ್ರ ಮಾರಿ ಬಾಡಿಗೆ ಕಟ್ಟುತ್ತೇವೆ ಎಂದು ಯಾವತ್ತೂ ಲೆಕ್ಕ ಹಾಕಬೇಡಿ. ಬಾಡಿಗೆ, ಕರೆಂಟು ಸೇರಿ ತಿಂಗಳಿಗೆ 18,000 ರೂಪಾಯಿ ಆಗುತ್ತದೆ ಅಂತಿಟ್ಟುಕೊಳ್ಳಿ. ಹನ್ನೆರಡು ಸದಸ್ಯರಿದ್ದರೆ ತಲೆಗೆ 1,500. ಒಂದೂ ಚಿತ್ರ ಮಾರದ ತಿಂಗಳಲ್ಲೂ ಈ ಹಣದಲ್ಲೇ ಬಾಗಿಲು ತೆರೆದಿರಬೇಕು. ಮಾರಾಟವಾದಾಗ ಸಂಘಕ್ಕೆ ನೂರಕ್ಕೆ ಹದಿನೈದು ಕಮಿಷನ್ ಸಾಕು. 10,000 ರೂಪಾಯಿಯ ಚಿತ್ರಕ್ಕೆ 8,500 ಬರೆದವರ ಕೈಗೆ ಬರುತ್ತದೆ. ಖಾಸಗಿ ಗ್ಯಾಲರಿಗಳಲ್ಲಿ ಅರ್ಧದವರೆಗೂ ಕಮಿಷನ್ ಹೋಗುವುದುಂಟು. ಸಣ್ಣ ಸಣ್ಣ ಮೊತ್ತ ಕೂಡಿಸುವುದು ಈ ಊರಿಗೆ ಗೊತ್ತಿರುವ ವಿದ್ಯೆ. ಜನರಿಂದ ಪೈಸೆ ಪೈಸೆ ಕೂಡಿಸಿದ ‘ಪೈಸಾ ಫಂಡ್’ನಿಂದ ಇಲ್ಲಿ ಗಾಜಿನ ಕಾರ್ಖಾನೆಯೇ ಎದ್ದಿತು.

ಮೂರನೆಯದು ಪಾಳಿ. ಇಂಥ ಗ್ಯಾಲರಿ ಉಳಿಯುವುದೂ ಮುಚ್ಚುವುದೂ ಇದರ ಮೇಲೆಯೇ. ಸಂಬಳದ ಆಳು ಇಡುವಷ್ಟು ದುಡ್ಡು ಇರುವುದಿಲ್ಲ. ಸದಸ್ಯರೇ ಸರದಿಯಂತೆ ಕೂರಬೇಕು. ಗುರುವಾರದಿಂದ ಭಾನುವಾರದವರೆಗೆ, ಸಂಜೆ ನಾಲ್ಕರಿಂದ ಎಂಟು ತೆರೆದರೆ ಸಾಕು. ಆಗ ಹನ್ನೆರಡು ಮಂದಿಗೆ ಮೂರು ವಾರಕ್ಕೊಮ್ಮೆ ಪಾಳಿ ಬರುತ್ತದೆ. ಬರಲಾಗದವರು ತಾವೇ ಇನ್ನೊಬ್ಬರನ್ನು ಒಪ್ಪಿಸಬೇಕು, ಇಲ್ಲದಿದ್ದರೆ ದಂಡ. ಇದನ್ನು ಮೊದಲ ಸಭೆಯಲ್ಲೇ ಬರೆದಿಡಿ. ನಾವು ಬಾಯಿಮಾತಿನಲ್ಲಿ ಬಿಟ್ಟಿದ್ದೆವು. ಮೂರೇ ತಿಂಗಳಲ್ಲಿ ಇಬ್ಬರ ಹೆಗಲ ಮೇಲೆ ಎಲ್ಲಾ ಬಿತ್ತು, ಮನಸ್ಸುಗಳೂ ಕೆಟ್ಟವು. ಪಾಳಿಯಲ್ಲಿ ಕೂತವರು ತಮ್ಮ ಚಿತ್ರದ ಬಗ್ಗೆ ಮಾತ್ರ ಹೇಳಿದರೆ ಸಾಲದು. ಉಳಿದವರ ಕೆಲಸವನ್ನೂ ಕೇಳಿ ತಿಳಿದಿರಬೇಕು. ಕಸೂತಿಯ ಗೋಪುರದ ಚಿತ್ತಾರವನ್ನು ಗಂಟು ಹಾಕದೆ, ಎಳೆ ಎಣಿಸಿ ಹೊಲಿಯುತ್ತಾರೆ ಎಂದು ಜಲವರ್ಣದವರು ಹೇಳುವಾಗ ಬಂದವರು ಇನ್ನೂ ಹತ್ತಿರ ಬಗ್ಗಿ ನೋಡುತ್ತಾರೆ. ಅದನ್ನು ನೋಡುವುದೇ ನನಗೆ ಖುಷಿ.

ಯಾರ ಚಿತ್ರ ಗೋಡೆಗೆ ಏರಬೇಕು, ಸದಸ್ಯರು ಬಿಟ್ಟು ಹೋದರೆ ಅವರು ಕಟ್ಟಿದ ಡಿಪಾಸಿಟ್ ಏನಾಗಬೇಕು ಅನ್ನುವುದನ್ನೂ ಬರೆದಿಡಿ.

ಕೋಣೆ ನೋಡುವಾಗ ಮಳೆಗಾಲವನ್ನು ನೆನಪಿಡಿ. ಲೋನಾವಳ ಇಲ್ಲಿಂದ ದೂರವಿಲ್ಲ, ಘಟ್ಟದ ಮಳೆಯ ತೇವ ಗೋಡೆಯೊಳಕ್ಕೆ ಇಳಿಯುತ್ತದೆ. ಮೊದಲ ವರ್ಷ ಹೊರಗೋಡೆಗೆ ತೂಗು ಹಾಕಿದ್ದ ನನ್ನ ನಾಲ್ಕು ಜಲವರ್ಣಗಳಿಗೆ ಬೂಷ್ಟು ಹಿಡಿಯಿತು. ಎರಡನ್ನು ಉಳಿಸಲು ಆಗಲೇ ಇಲ್ಲ. ಈಗ ಕಾಗದದ ಚಿತ್ರಗಳು ಒಳಗೋಡೆಗೆ ಮಾತ್ರ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ಚೂರು ಅಂಟಿಸುತ್ತೇವೆ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ. ಗಾಜು ಕಾಗದಕ್ಕೆ ತಾಗದಂತೆ ನಡುವೆ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಇಡುವ ದಪ್ಪ ರಟ್ಟು, ಇರಲೇಬೇಕು. ತೂಗು ಹಾಕುವಾಗ ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿರಲಿ. ಹೆಚ್ಚಿನವರ ಕಣ್ಣಿಗೆ ಅದು ನೇರವಾಗಿ ಸಿಗುತ್ತದೆ. ದೀಪವನ್ನು ನೇರ ಕೆಳಮುಖದಿಂದ ಗೋಡೆಯತ್ತ ಸುಮಾರು 30 ಡಿಗ್ರಿ ಓರೆ ಮಾಡಿದರೆ ಗಾಜಿನ ಮೇಲೆ ಹೊಳಪು ಕಡಿಮೆ.

ಮಾರಾಟಕ್ಕೆ ರಶೀದಿ ಪುಸ್ತಕ ಒಂದೇ ಇರಲಿ, ಜಿಎಸ್‌ಟಿ ವಿಚಾರ ಲೆಕ್ಕಪತ್ರದವರನ್ನು ಕೇಳಿ. ರಶೀದಿಯಲ್ಲಿ ಇನ್ನೊಂದು ಸಾಲು ಸೇರಿಸಿ: ಕೊಂಡವರಿಗೆ ಚಿತ್ರ ಸಿಗುತ್ತದೆ, ಅದನ್ನು ಅಚ್ಚು ಹಾಕಿ ಮಾರುವ ಹಕ್ಕು ಸಿಗುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯಂತೆ, ಬರೆದುಕೊಡದ ಹೊರತು ಆ ಹಕ್ಕು ಕಲಾವಿದರಲ್ಲೇ ಉಳಿಯುತ್ತದೆ. ಕ್ಯಾಲೆಂಡರಿನಲ್ಲಿ ತಮ್ಮದೇ ಚಿತ್ರ ಕಂಡು ಸುಮ್ನೆ ಕೂತವರನ್ನು ನಾನು ನೋಡಿದ್ದೇನೆ.

ಬಾಗಿಲು ತೆರೆಯಲು ಅಕ್ಟೋಬರ್ ಒಳ್ಳೆಯದು. ಮಳೆ ನಿಂತಿರುತ್ತದೆ, ಗೋಡೆ ಒಣಗಲು ಶುರುವಾಗಿರುತ್ತದೆ, ದೀಪಾವಳಿಗೆ ಉಡುಗೊರೆ ಹುಡುಕುವವರು ಒಳಗೆ ಇಣುಕುತ್ತಾರೆ. ನವೆಂಬರ್ ತನಕದ ಪಾಳಿ ಪಟ್ಟಿ ಅಂದೇ ಬಾಗಿಲ ಹಿಂದೆ ಅಂಟಿಸಿಬಿಡಿ.