ಕೊರಿಯರ್‌ನಲ್ಲಿ ಬಂದ ಮೊಟ್ಟೆಗೆ ಮಲೆನಾಡಿನ ಮಳೆಯಲ್ಲಿ ಕಾವು ಕೊಡುವುದು

ಮೂರು ವರ್ಷದ ಹಿಂದಿನ ಜುಲೈ ತಿಂಗಳು. ತೀರ್ಥಹಳ್ಳಿ ಪೇಟೆಯಿಂದ ಒಂದು ರಟ್ಟಿನ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ತಂದೆ. ಒಳಗೆ ಕಡಕ್‌ನಾಥ್ ಅನ್ನುವ ಕಪ್ಪು ಕೋಳಿಯ 24 ಮೊಟ್ಟೆ. ಮಧ್ಯಪ್ರದೇಶದಿಂದ ಹೊರಟು ಐದನೇ ದಿನಕ್ಕೆ ಕೈಗೆ ಸಿಕ್ಕಿದ್ದವು. ಎರಡು ಒಡೆದಿದ್ದವು. ಉಳಿದ 22ನ್ನು ಅದೇ ಸಂಜೆ ಇನ್‌ಕ್ಯುಬೇಟರ್‌ಗೆ, ಅಂದರೆ ಕಾವು ಕೊಡುವ ಪೆಟ್ಟಿಗೆಗೆ ಇಟ್ಟೆ. ಮೊಟ್ಟೆಗಳ ಜೊತೆ ಬಂದ ಹಾಳೆಯಲ್ಲಿ ಹೇಳಿದಂತೆ ತಟ್ಟೆ ತುಂಬಾ ನೀರನ್ನೂ ಹಾಕಿದೆ.

ಕೊನೆಗೆ ಹೊರಬಂದಿದ್ದು ಮೂರೇ ಮರಿ. ಉಳಿದ ಮೊಟ್ಟೆಗಳನ್ನು ತೋಟದ ಬದಿಗೆ ಒಯ್ದು ಒಡೆದು ನೋಡಿದೆ. ಒಂಬತ್ತರಲ್ಲಿ ಪೂರ್ತಿ ಬೆಳೆದ ಮರಿ ಇತ್ತು. ಪುಕ್ಕ, ಉಗುರು, ಕೊಕ್ಕು ಎಲ್ಲಾ ಬಂದಿತ್ತು. ಒದ್ದೆಯಾಗಿ, ಊದಿಕೊಂಡು ಸತ್ತಿದ್ದವು. ತುಂಬಾ ಸಂಕಟವಾಯಿತು. ನಾನು ಹಾಕಿದ ನೀರೇ ಅವುಗಳನ್ನು ಕೊಂದಿದ್ದು ಅಂತ ಅರ್ಥವಾಗಲು ಇನ್ನೊಂದು ಸಲ ಮೊಟ್ಟೆ ಕೆಡಬೇಕಾಯಿತು.

ಈಗ ಅಷ್ಟೇ ಮೊಟ್ಟೆಗೆ ಹತ್ತು ಹನ್ನೆರಡು ಮರಿ ಸಿಗುತ್ತವೆ. ದೂರದಿಂದ ಬಂದ ಮೊಟ್ಟೆಯಲ್ಲಿ ಅರ್ಧ ಮರಿಯಾದರೆ ಒಳ್ಳೆಯ ಫಲ ಅಂತಲೇ ತಿಳಿಯಿರಿ. ಮನೆಯ ಹೇಟೆ ಇಟ್ಟ ಮೊಟ್ಟೆಗೂ ಸಾವಿರ ಕಿಲೋಮೀಟರ್ ಕುಲುಕಿಸಿಕೊಂಡು ಬಂದ ಮೊಟ್ಟೆಗೂ ಹೋಲಿಕೆ ಬೇಡ.

ತರಿಸುವ ಕಾಲದ ಬಗ್ಗೆ ಮೊದಲು ಹೇಳುತ್ತೇನೆ. ಮಾರ್ಚ್‌ನಿಂದ ಮೇ ವರೆಗೆ ತರಿಸಲೇಬೇಡಿ. ಸುಮಾರು 21 ಡಿಗ್ರಿ ದಾಟಿದರೆ ಮೊಟ್ಟೆಯೊಳಗಿನ ಜೀವ ನಿಧಾನಕ್ಕೆ ಬೆಳೆಯಲು ಶುರುಮಾಡುತ್ತದೆ. ಬಿಸಿಲಲ್ಲಿ ನಿಂತ ಲಾರಿಯೊಳಗೆ ಅದು ಅರೆಬರೆ ಬೆಳೆದು, ಮತ್ತೆ ನಿಂತು, ಸತ್ತೇ ಹೋಗುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲೂ ಆಗುತ್ತದೆ, ಆದರೆ ನೀರಿನ ಲೆಕ್ಕ ಬೇರೆ. ಮಾರುವವರ ಹತ್ತಿರ ಒಂದೇ ಮಾತು ಕೇಳಿ: ಕಳಿಸುವ ದಿನಕ್ಕೆ ಮೊಟ್ಟೆ ಎಷ್ಟು ದಿನದ್ದು? ಎರಡು ಮೂರು ದಿನದ್ದಾದರೆ ಸರಿ. ಇಟ್ಟು ಏಳು ದಿನ ಕಳೆದ ಮೇಲೆ ಒಂದೊಂದು ದಿನಕ್ಕೂ ಮರಿಯಾಗುವ ಸಾಧ್ಯತೆ ಇಳಿಯುತ್ತಾ ಹೋಗುತ್ತದೆ, ಅದರಲ್ಲಿ ದಾರಿಯ ದಿನಗಳೂ ಸೇರುತ್ತವೆ.

ಪೆಟ್ಟಿಗೆ ಬಂದ ಕೂಡಲೇ ಕಾವಿಗೆ ಇಡಬೇಡಿ. ನಾನು ಮಾಡಿದ ಮೊದಲ ತಪ್ಪು ಇದೇ. ಮೊಟ್ಟೆಯ ದಪ್ಪ ತುದಿಯಲ್ಲಿ ಒಂದು ಗಾಳಿಗೂಡು ಇರುತ್ತದೆ. ಮರಿ ಮೊದಲ ಉಸಿರು ಎಳೆಯುವುದು ಅಲ್ಲಿಂದಲೇ. ದಾರಿಯ ಕುಲುಕಾಟಕ್ಕೆ ಈ ಗೂಡಿನ ಪೊರೆ ಸಡಿಲವಾಗುತ್ತದೆ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚಿಗೆ ರಟ್ಟಿನ ಕೊಳವೆ ಸುತ್ತಿ, ಮೊಟ್ಟೆಯ ದಪ್ಪ ತುದಿಗೆ ಹಿಡಿದು, ಮೆಲ್ಲಗೆ ವಾಲಿಸಿ ನೋಡಿ. ಗಾಳಿಗೂಡು ಇದ್ದಲ್ಲೇ ಇದ್ದರೆ ಒಳ್ಳೆಯದು. ಬಳಕುತ್ತಾ ಪಕ್ಕಕ್ಕೆ ಸರಿದರೆ ಅದು ಪೆಟ್ಟು ತಿಂದ ಮೊಟ್ಟೆ. ಅದನ್ನು ಎಸೆಯಬೇಡಿ, ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿ.

ಎಲ್ಲಾ ಮೊಟ್ಟೆಗಳನ್ನೂ ಚೂಪು ತುದಿ ಕೆಳಗೆ ಮಾಡಿ ಟ್ರೇಯಲ್ಲಿ ನಿಲ್ಲಿಸಿ, ಮನೆಯ ತಂಪು ಕೋಣೆಯಲ್ಲಿ 24 ಗಂಟೆ ಬಿಡಿ. ನಮ್ಮ ಮನೆಯಲ್ಲಿ ಅಡಿಕೆ ಮೂಟೆ ಇಡುವ ಕೋಣೆ ಇದಕ್ಕೆ ಸರಿಯಾಗಿದೆ. ಫ್ರಿಜ್ ಬೇಡ. ತೊಳೆಯುವುದೂ ಬೇಡ, ತೊಳೆದರೆ ಚಿಪ್ಪಿನ ಮೇಲಿನ ಕಾಪು ಹೋಗಿ ಕೊಳೆ ಒಳಗೆ ಇಳಿಯುತ್ತದೆ. ಹಿಕ್ಕೆ ಹತ್ತಿದ್ದರೆ ಒಣ ಬಟ್ಟೆಯಲ್ಲಿ ಉಜ್ಜಿದರೆ ಸಾಕು.

ನನ್ನದು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮನೆಯಲ್ಲೇ ಮಾಡಿದ ಇನ್‌ಕ್ಯುಬೇಟರ್. 40 ವಾಟಿನ ಹಳೇ ಕಾಲದ ಬಲ್ಬು, ಕಂಪ್ಯೂಟರಿನ ಸಣ್ಣ ಫ್ಯಾನು, ಬಿಸಿಯನ್ನು ಹಿಡಿತದಲ್ಲಿಡುವ ಡಬ್ಲ್ಯೂ 1209 ಅನ್ನುವ ಥರ್ಮೋಸ್ಟಾಟ್. ಎಲ್‌ಇಡಿ ಬಲ್ಬು ನಡೆಯುವುದಿಲ್ಲ, ಅದರಲ್ಲಿ ಬೇಕಾದಷ್ಟು ಬಿಸಿ ಇಲ್ಲ. ಫ್ಯಾನು ಇದ್ದರೆ 37.5 ಡಿಗ್ರಿ ಇಡಿ. ಫ್ಯಾನಿಲ್ಲದಿದ್ದರೆ ಮೊಟ್ಟೆಯ ಮೇಲ್ಭಾಗದ ಎತ್ತರದಲ್ಲಿ ಅಳೆದು 38.3ರ ಹತ್ತಿರ ಇಡಿ. ಖಾಲಿ ಪೆಟ್ಟಿಗೆಯನ್ನು ಒಂದು ಪೂರ್ತಿ ದಿನ ಓಡಿಸಿ ನೋಡಿದ ಮೇಲೆಯೇ ಮೊಟ್ಟೆ ಇಡಿ.

ತೇವ ಅಳೆಯುವ ಮೀಟರನ್ನು ಸುಮ್ನೆ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡಿಗೆ ಉಪ್ಪು ಹಾಕಿ, ಕೆಸರಿನಂತಾಗುವಷ್ಟು ನೀರು ಬೆರೆಸಿ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಮೀಟರು 75 ಶೇಕಡಾ ತೋರಿಸಬೇಕು. ನನ್ನದು 83 ತೋರಿಸಿತು, ಅಂದರೆ ಎಂಟು ಜಾಸ್ತಿ. ಅಂದಿನಿಂದ ಎಂಟು ಕಳೆದೇ ಓದುತ್ತೇನೆ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯವರು ಜಾಸ್ತಿ ಮೊಟ್ಟೆ ಕಳೆದುಕೊಳ್ಳುವುದು ಇಲ್ಲಿಯೇ ಅನ್ನುವುದು ನನ್ನ ಅನುಭವ. ಕಾವಿಗೆ ಕೂತ ಮೊಟ್ಟೆ ಚಿಪ್ಪಿನ ಸಣ್ಣ ರಂಧ್ರಗಳ ಮೂಲಕ ನೀರು ಬಿಡುತ್ತಾ ಹಗುರವಾಗಬೇಕು. ಮೊದಲ 18 ದಿನದಲ್ಲಿ ತೂಕ ಸುಮಾರು 12 ಶೇಕಡಾ ಇಳಿಯಬೇಕು. ಆಗ ಗಾಳಿಗೂಡು ದೊಡ್ಡದಾಗಿ ಮರಿಗೆ ಉಸಿರಾಡಲು ಜಾಗ ಸಿಗುತ್ತದೆ. ಪೆಟ್ಟಿಗೆಯೊಳಗೆ ತೇವ ಜಾಸ್ತಿಯಾದರೆ ಮೊಟ್ಟೆಯ ನೀರು ಹೊರಗೆ ಹೋಗುವುದಿಲ್ಲ, ಮರಿ ಒಳಗೇ ಮುಳುಗುತ್ತದೆ. ನನ್ನ ಒಂಬತ್ತು ಮರಿಗಳಿಗೆ ಆಗಿದ್ದು ಅದೇ.

ಮೊದಲ 18 ದಿನ ತೇವ 45ರಿಂದ 50ರ ಒಳಗಿದ್ದರೆ ಸಾಕು. ಜುಲೈನಲ್ಲಿ ನಮ್ಮಲ್ಲಿ ಗೋಡೆ ಕೂಡ ಬೆವರುತ್ತದೆ, ಅಲ್ವಾ? ಆ ಗಾಳಿಯನ್ನೇ 37.5 ಡಿಗ್ರಿಗೆ ಕಾಯಿಸಿದರೆ ತಟ್ಟೆಯಲ್ಲಿ ಒಂದು ಹನಿ ನೀರಿಲ್ಲದೆ ಮೀಟರು 40 ದಾಟುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ವರೆಗೆ 18ನೇ ದಿನದ ತನಕ ನಾನು ನೀರೇ ಇಡುವುದಿಲ್ಲ. ಡಿಸೆಂಬರ್, ಜನವರಿಯ ಒಣ ಚಳಿಯಲ್ಲಿ ಅದೇ ಪೆಟ್ಟಿಗೆ 25ಕ್ಕೆ ಇಳಿಯುತ್ತದೆ. ಆಗ ಒಂದು ಸಣ್ಣ ಬಟ್ಟಲು ನೀರು ಬೇಕೇ ಬೇಕು.

ಮೀಟರಿಗಿಂತ ಮೊಟ್ಟೆಯನ್ನೇ ಕೇಳುವುದು ಒಳ್ಳೆಯದು. ಕಾವಿಗೆ ಇಡುವ ಮೊದಲೇ ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ, ತೂಕವನ್ನು ಚಿಪ್ಪಿನ ಮೇಲೆಯೇ ಪೆನ್ಸಿಲ್‌ನಲ್ಲಿ ಬರೆಯಿರಿ. 44 ಗ್ರಾಂ ಮೊಟ್ಟೆ ಏಳನೇ ದಿನಕ್ಕೆ 42 ಗ್ರಾಂ, 18ನೇ ದಿನಕ್ಕೆ 38.7 ಗ್ರಾಂ ಆಸುಪಾಸಿಗೆ ಬರಬೇಕು. ಏಳನೇ ದಿನಕ್ಕೂ 43ರ ಮೇಲಿದ್ದರೆ ನೀರು ತೆಗೆದು, ಗಾಳಿ ತೂತು ಇನ್ನಷ್ಟು ತೆರೆಯಿರಿ. ತೂಕ ಬೇಗ ಇಳಿಯುತ್ತಿದ್ದರೆ ನೀರು ಸೇರಿಸಿ.

ಮೊಟ್ಟೆಗಳನ್ನು ಮಲಗಿಸುವ ಬದಲು, ತಳ ಕತ್ತರಿಸಿದ ಕಾಗದದ ಟ್ರೇಯಲ್ಲಿ ದಪ್ಪ ತುದಿ ಮೇಲಾಗಿಯೇ ನಿಲ್ಲಿಸುತ್ತೇನೆ. ಗಾಳಿಗೂಡು ಅಲುಗುವ ಮೊಟ್ಟೆಗೆ ಇದು ಬಹಳ ಮುಖ್ಯ. ಮೊದಲ ಮೂರು ದಿನ ಮುಟ್ಟುವುದಿಲ್ಲ. ನಾಲ್ಕನೇ ದಿನದಿಂದ ಟ್ರೇಯ ಒಂದು ಬದಿಗೆ ಮರದ ತುಂಡು ಕೊಟ್ಟು ವಾರೆ ಮಾಡುತ್ತೇನೆ, ಮುಂದಿನ ಸಲ ಇನ್ನೊಂದು ಬದಿಗೆ. ದಿನಕ್ಕೆ ಮೂರು ಸಲ, ಬೆಳಗಿನ ಕಾಫಿ, ಮಧ್ಯಾಹ್ನದ ಊಟ, ರಾತ್ರಿ ಮಲಗುವ ಹೊತ್ತು. ಮೂರು ಸಲವೇ ಯಾಕೆಂದರೆ, ಸಂಖ್ಯೆ ಬೆಸವಾದರೆ ದೀರ್ಘ ರಾತ್ರಿಯನ್ನು ಮೊಟ್ಟೆ ಒಂದೊಂದು ದಿನ ಒಂದೊಂದು ಮಗ್ಗುಲಲ್ಲಿ ಕಳೆಯುತ್ತದೆ. ತಿರುಗಿಸದೆ ಜಾಸ್ತಿ ದಿನ ಬಿಟ್ಟರೆ ಮರಿ ಪೊರೆಗೆ ಅಂಟಿಕೊಳ್ಳುತ್ತದೆ.

ಏಳನೇ ದಿನ ರಾತ್ರಿ ಮತ್ತೆ ಟಾರ್ಚ್ ಹಿಡಿಯಿರಿ. ಜೇಡರ ಬಲೆಯಂತೆ ಕೆಂಪು ನರ ಹರಡಿ, ನಡುವೆ ಒಂದು ಕಪ್ಪು ಚುಕ್ಕಿ ಮಿಸುಕಾಡಿದರೆ ಜೀವ ಇದೆ. ನಮ್ಮ ಮಕ್ಕಳನ್ನು ಈ ಹೊತ್ತಿಗೆ ಕರೆದು ತೋರಿಸುತ್ತೇನೆ, ಇಂಥದ್ದನ್ನು ಕಣ್ಣಾರೆ ನೋಡಬೇಕು. ಏನೂ ಕಾಣದಿದ್ದರೆ ಅದು ಹುಂಜ ಸೇರದ ಮೊಟ್ಟೆ, ಇಲ್ಲವೇ ದಾರಿಯಲ್ಲೇ ಸತ್ತಿದ್ದು. ಉಂಗುರದಂತೆ ರಕ್ತದ ಗೆರೆ ಕಂಡರೆ ಬೆಳೆಯಲು ಶುರುವಾಗಿ ಸತ್ತಿದೆ. ಅನುಮಾನ ಇದ್ದದ್ದನ್ನು 14ನೇ ದಿನದವರೆಗೆ ಬಿಡಿ. ವಾಸನೆ ಬಂದದ್ದನ್ನು ಮಾತ್ರ ತಕ್ಷಣ ತೆಗೆಯಿರಿ, ಒಡೆದರೆ ಉಳಿದವೂ ಹಾಳಾಗುತ್ತವೆ.

ಕರೆಂಟ್ ಹೋದರೆ ಗಾಬರಿ ಬೇಡ. ಹೋದ ವರ್ಷ ಲೈನಿನ ಮೇಲೆ ಮರ ಬಿದ್ದು, 11ನೇ ದಿನ ಐದು ಗಂಟೆ ಕರೆಂಟ್ ಇರಲಿಲ್ಲ. ಬಾಗಿಲು ಪದೇ ಪದೇ ತೆರೆಯದೆ ಕಂಬಳಿ ಹೊದಿಸಿದೆ, ಗಾಳಿ ತೂತು ಮಾತ್ರ ಮುಚ್ಚಲಿಲ್ಲ. ಎರಡು ಬಾಟಲಿ ಬಿಸಿನೀರನ್ನು ಬಟ್ಟೆಯಲ್ಲಿ ಸುತ್ತಿ ಒಳಗೆ ಇಟ್ಟೆ. ಮರಿಗಳು ಒಂದು ದಿನ ತಡವಾಗಿ ಬಂದವು ಅಷ್ಟೇ. ಕಾವಿಗೆ ಕೂತ ಹೇಟೆಯೂ ದಿನಕ್ಕೊಮ್ಮೆ ಮೇಯಲು ಎದ್ದು ಹೋಗುತ್ತದಲ್ಲ. ಹೆದರಬೇಕಾಗಿದ್ದು ಜಾಸ್ತಿ ಬಿಸಿಗೆ. ಸ್ವಲ್ಪ ಹೊತ್ತು ತಣ್ಣಗಾದ ಮೊಟ್ಟೆ ಚೇತರಿಸಿಕೊಳ್ಳಬಹುದು, ಬೆಂದದ್ದು ಚೇತರಿಸಿಕೊಳ್ಳುವುದಿಲ್ಲ.

18ನೇ ದಿನ ತಿರುಗಿಸುವುದು ನಿಲ್ಲಿಸಿ. ನೀರು ಹಾಕುವ ಸಮಯ ಈಗ ಬಂತು. ತೇವ 65ರಿಂದ 70ಕ್ಕೆ ಏರಿಸಿ, ಮುಚ್ಚಿ, ಮತ್ತೆ ತೆರೆಯಬೇಡಿ. ಗಾಳಿಗೂಡು ಅಲುಗುತ್ತಿದ್ದ ಮೊಟ್ಟೆಗಳು ಟ್ರೇಯಲ್ಲೇ ನಿಂತು ಮರಿಯಾಗಲಿ. 20ನೇ ದಿನದ ಹೊತ್ತಿಗೆ ಒಳಗಿಂದ ಚಿಂವ್ ಚಿಂವ್ ಕೇಳಿಸುತ್ತದೆ. ಚಿಪ್ಪಿನಲ್ಲಿ ಒಂದು ಬಿರುಕು ಕಾಣುತ್ತದೆ. ಆಮೇಲೆ ಗಂಟೆಗಟ್ಟಲೆ ಏನೂ ನಡೆಯುವುದಿಲ್ಲ. ನನ್ನ ಎರಡನೇ ಸಲ ಆರು ಗಂಟೆ ಕಾದು, ತಡೆಯಲಾರದೆ ಒಂದರ ಚಿಪ್ಪು ಬಿಡಿಸಿದೆ. ಪೊರೆಯ ನರಗಳಲ್ಲಿ ಇನ್ನೂ ರಕ್ತ ಇತ್ತು. ಆ ಮರಿ ನನ್ನ ಅಂಗೈಯಲ್ಲೇ ಹೋಯಿತು. ಅದು ಸುಮ್ಮನಿದ್ದ ಹೊತ್ತಿನಲ್ಲಿ ಆ ರಕ್ತವನ್ನೂ ಹಳದಿಯನ್ನೂ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿತ್ತು. ಬಿರುಕು ಬಿಟ್ಟು 24 ಗಂಟೆಯವರೆಗೆ ದಯವಿಟ್ಟು ಕೈ ಹಾಕಬೇಡಿ.

ಹೊರಬಂದ ಮರಿಯನ್ನೂ ಪುಕ್ಕ ಒಣಗುವ ತನಕ ಒಳಗೇ ಬಿಡಿ. ಹೊಟ್ಟೆಯಲ್ಲಿ ಹಳದಿ ಇರುವುದರಿಂದ ಎರಡು ದಿನ ಮೇವು ನೀರು ಇಲ್ಲದಿದ್ದರೂ ತಡೆಯುತ್ತದೆ. ಆಮೇಲೆ ಬಲ್ಬು ಹಾಕಿದ ಪೆಟ್ಟಿಗೆಗೆ ಬದಲಿಸಿ. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಕೆಳಗೆ ಬರೀ ಪೇಪರ್ ಹಾಸಿದರೆ ಕಾಲು ಜಾರಿ ಸೊಟ್ಟಗಾಗುತ್ತದೆ, ಗೋಣಿತಟ್ಟು ಹಾಸಿ. ಐದರಿಂದ ಏಳು ದಿನದೊಳಗೆ ರಾಣಿಖೇತ್ ರೋಗಕ್ಕೆ ಲಸೋಟಾ ಲಸಿಕೆಯ ಹನಿ ಕಣ್ಣಿಗೆ ಹಾಕಿಸಿ, ಪಶು ಆಸ್ಪತ್ರೆಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.

ಕಾವಿಗೆ ಕೂತ ನಾಟಿ ಹೇಟೆ ಮನೆಯಲ್ಲಿದ್ದರೆ ಬಲ್ಬೂ ಬೇಡ. ನಾನು ಹೀಗೆ ಮಾಡುತ್ತೇನೆ: ಅದನ್ನು ಮೊದಲೇ ಕೆಲವು ಮಾಮೂಲಿ ಮೊಟ್ಟೆಗಳ ಮೇಲೆ ಕೂರಿಸಿರುತ್ತೇನೆ. ಮರಿಗಳು ಒಣಗಿದ ರಾತ್ರಿ, ದೀಪ ಹಾಕದೆ ಹೋಗಿ, ಒಂದು ಮೊಟ್ಟೆ ತೆಗೆದು ಒಂದು ಮರಿಯನ್ನು ರೆಕ್ಕೆಯಡಿ ಸೇರಿಸುತ್ತೇನೆ. ಕಳೆದ ಜನವರಿಯಲ್ಲಿ ಹೀಗೆ ಹನ್ನೊಂದು ಸೇರಿಸಿದೆ. ಬೆಳಿಗ್ಗೆ ಹೋಗಿ ನೋಡಿದರೆ ಕೆಂಪು ಹೇಟೆಯ ರೆಕ್ಕೆಯ ಸಂದಿಯಿಂದ ಇದ್ದಲಿನಂಥ ಕಪ್ಪು ಕೊಕ್ಕುಗಳು ಇಣುಕುತ್ತಿದ್ದವು. ಅದು ಗೊರ್ ಅಂತ ನನ್ನನ್ನೇ ಹೆದರಿಸಿ, ಅವನ್ನು ಇನ್ನಷ್ಟು ಒಳಗೆ ಎಳೆದುಕೊಂಡಿತು.